ಕ್ರೀಡಾಶಿಸ್ತು ಮತ್ತು ದಂಡನೆಯ ಕಾಲ

ಅಮೆರಿಕದ ಯೂಟಾ ರಾಜ್ಯದಲ್ಲಿ ಮಾರ್ಮನ್ ಧರ್ಮಸಂಸ್ಥೆಯು ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವನ್ನು ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಲ್ಲಿಯ ಶೀಲಸಂಹಿತೆಗೆ ಬದ್ಧನಾಗಬೇಕು. ಮದ್ಯ, ತಂಬಾಕುಗಳಿರಲಿ, ಚಹಾ ಕಾಫಿಗಳೂ ವರ್ಜ್ಯ. ವಿವಾಹಪೂರ್ವದಲ್ಲಿ ಬ್ರಹ್ಮಚರ್ಯವು ಕಡ್ಡಾಯ. 2011ರ ಮಾರ್ಚ್ ತಿಂಗಳಲ್ಲಿ ಅದರ ಬ್ಯಾಸ್ಕೆಟ್‌ಬಾಲ್ ತಂಡವು ರಾಷ್ಟ್ರದಲ್ಲಿಯೇ ಮೂರನೆಯ ಸ್ಥಾನದಲ್ಲಿತ್ತು. ಆಗಲೇ ತಂಡದ ಪ್ರಮುಖ ಆಟಗಾರನೊಬ್ಬನು ಸಂಹಿತೆಯನ್ನು ಮೀರಿದನೆಂದು ತಿಳಿಯಿತು. ಋತುವಿನ ಉಳಿದೆಲ್ಲ ಪಂದ್ಯಗಳಿಂದಲೂ ಅವನನ್ನು ಹೊರಗಿರಿಸಿದರು. ಮರುದಿನ ತಂಡವು ಸ್ವಂತ ಅಂಗಣದಲ್ಲಿಯೇ ನ್ಯೂ ಮೆಕ್ಸಿಕೋ ತಂಡಕ್ಕೆ 82–64 ಅಂಕಗಳಿಂದ ಸೋತಿತು.

ಇಲ್ಲಿ ದಂಡನೆಗಿಂತಲೂ ಅದನ್ನು ವಿಧಿಸಿದ ಕಾಲವೇ ಗಮನಾರ್ಹ. 2010ರ ಡಿಸೆಂಬರಿನಲ್ಲಿ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಐವರು ಫುಟ್‌ಬಾಲ್ ಆಟಗಾರರಿಗೂ ಐದು ಪಂದ್ಯಗಳ ನಿಷೇಧ ಬಂದಿತ್ತು. ಆದರೆ ಅದು ಮುಂದಿನ ಋತುವಿನಿಂದ! ಸನಿಹದಲ್ಲಿದ್ದ ಪ್ರತಿಷ್ಠಿತ ಪಂದ್ಯದಲ್ಲಿ ಐವರೂ ಆಡಿದರು. ಇದನ್ನು ಶಿಕ್ಷೆಯೆನ್ನುವುದಕ್ಕಿಂತ ಸೌಕರ್ಯವೆನ್ನುವುದೇ ಲೇಸು. ಯೂಟಾದ ತರುಣನನ್ನಾದರೋ ಮುಂದಿನ ಋತುವಿನಲ್ಲಿ ಅದೇ ವಿಶ್ವವಿದ್ಯಾಲಯವು ಮರಳಿ ತಂಡಕ್ಕೆ ಸೇರಿಸಿಕೊಂಡಿತು.