ಹಳೆಯ ಮಸೂರ, ಹೊಸ ಕ್ಯಾಮೆರಾ

ಫಿಲ್ಮ್ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಹದಿನೈದು ಇಪ್ಪತ್ತು ವರ್ಷ ಮರೆತಿದ್ದವರು ಮತ್ತೆ ಛಾಯಾಗ್ರಹಣಕ್ಕೆ ಮನಸ್ಸು ಮಾಡುವುದುಂಟು. ತಂದೆಯ ಕ್ಯಾಮೆರಾವನ್ನು ಕಂಡು, ತಾನೂ ಒಂದು ಡಿಜಿಟಲ್ ಎಸ್‌ಎಲ್‌ಆರ್ ಕೊಳ್ಳಬೇಕೆಂದು ಹಂಬಲಿಸುವ ವಿದ್ಯಾರ್ಥಿಗಳೂ ಉಂಟು. ಅಂಗಡಿಯಲ್ಲಿ ಇಬ್ಬರ ಕಿವಿಗೂ ಮೊದಲು ಬೀಳುವುದು ಪಿಕ್ಸೆಲುಗಳ ಸಂಖ್ಯೆ. ಹಲವು ತಿಂಗಳ ಉಳಿತಾಯವನ್ನು ತೆರುವ ಮುಂಚೆ, ಆ ಸಂಖ್ಯೆಯನ್ನೇ ನಂಬಬಹುದೆ ಎಂಬುದನ್ನು ವಿಚಾರಿಸೋಣ.

ಎಸ್‌ಎಲ್‌ಆರ್ ಕ್ಯಾಮೆರಾದ ರಚನೆಯಲ್ಲಿ ಬದಲಾದದ್ದು ಸ್ವಲ್ಪವೇ. ಮಸೂರದ ಮೂಲಕ ಬಂದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಗೆ ತಾಗಿ, ಮೇಲಿನ ಪಟ್ಟಕವನ್ನು ಹಾಯ್ದು ಕಣ್ಣನ್ನು ಸೇರುತ್ತದೆ. ಗುಂಡಿಯನ್ನೊತ್ತಿದೊಡನೆ ಕನ್ನಡಿ ಮೇಲೇಳುತ್ತದೆ, ಷಟರ್ ತೆರೆಯುತ್ತದೆ. ಹಿಂದೆ ಫಿಲ್ಮ್ ಇದ್ದ ಸ್ಥಳದಲ್ಲಿ ಈಗ ಸಿಲಿಕಾನಿನ ಸೆನ್ಸರ್ ಇದೆ. ಅದರ ಮೇಲಿನ ಸೂಕ್ಷ್ಮ ಕೋಶಗಳೇ ಪಿಕ್ಸೆಲುಗಳು. ಬೆಳಕಿನ ಕಣಗಳಾದ ಫೋಟಾನುಗಳು ಬಿದ್ದಾಗ ಅಲ್ಲಿ ಬಿಡುಗಡೆಯಾಗುವ ವಿದ್ಯುದಂಶವನ್ನು ಅಳೆದು ಚಿತ್ರವನ್ನು ಕಟ್ಟಲಾಗುತ್ತದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಇಂತಹ ಸಾಧನಕ್ಕೆ ಬುನಾದಿ ಹಾಕಿದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ 2009ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಈಗ ಸ್ವಲ್ಪ ಗಣಿತ. ಅಂಗುಲಕ್ಕೆ 300 ಚುಕ್ಕೆಗಳಂತೆ 6×4 ಅಂಗುಲದ ಪಟವನ್ನು ಅಚ್ಚು ಹಾಕಲು 1800×1200, ಎಂದರೆ 21.6 ಲಕ್ಷ ಪಿಕ್ಸೆಲ್ ಸಾಕು. 12×8 ಅಂಗುಲದ ಪಟಕ್ಕೆ 86.4 ಲಕ್ಷ. ಸಾಧಾರಣ ಕ್ಯಾಮೆರಾದಲ್ಲಿಯೇ ಇಂದು 2.4 ಕೋಟಿ ಪಿಕ್ಸೆಲುಗಳಿವೆ. ಆದ್ದರಿಂದ ನಮಗೆ ಕೊರತೆಯಾಗುವುದು ಪಿಕ್ಸೆಲ್ ಅಲ್ಲ, ಬೆಳಕು.

ಚಿತ್ರದುರ್ಗದ ಬಳಿ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಕತ್ತಲ ಗುಹೆಗಳಿವೆ. ದೀಪವೊಂದರ ಮಂದ ಬೆಳಕಿನಲ್ಲಿ ಅಲ್ಲಿ ಚಿತ್ರ ತೆಗೆಯುವಾಗ ಒಂದು ಪಿಕ್ಸೆಲಿಗೆ ಸರಾಸರಿ 100 ಫೋಟಾನು ದೊರೆಯುವುದೆನ್ನೋಣ. ಮಳೆಹನಿಗಳಂತೆ ಅವು ಕ್ರಮವಿಲ್ಲದೆ ಬೀಳುವುದರಿಂದ ಪಿಕ್ಸೆಲಿನಿಂದ ಪಿಕ್ಸೆಲಿಗೆ ಏರುಪೇರು ತಪ್ಪದು. ಇದು ಸರಾಸರಿಯ ವರ್ಗಮೂಲದಷ್ಟು, ಅಂದರೆ 10; ಶೇಕಡ 10ರಷ್ಟು. ಕತ್ತಲ ಚಿತ್ರದಲ್ಲಿ ಮರಳು ಚೆಲ್ಲಿದಂತೆ ತೋರುವುದಕ್ಕೆ ಮುಖ್ಯ ಕಾರಣ ಇದೇ.

ಪರಿಹಾರ ಎರಡು. ಸಾಮಾನ್ಯ ಸೆನ್ಸರಿನ ಅಳತೆ 23.5×15.6 ಮಿಲಿಮೀಟರ್, ಫಿಲ್ಮಿನ ಚೌಕಟ್ಟಿನಷ್ಟೇ ಇರುವ ದೊಡ್ಡ ಸೆನ್ಸರ್ 36×24 ಮಿಲಿಮೀಟರ್. ವಿಸ್ತೀರ್ಣ 2.36 ಪಟ್ಟು, ಪಿಕ್ಸೆಲುಗಳ ಸಂಖ್ಯೆ ಒಂದೇ ಆದರೆ ಪ್ರತಿಯೊಂದಕ್ಕೂ ಬೆಳಕು ಅಷ್ಟೇ ಪಟ್ಟು ಹೆಚ್ಚು. ಏರುಪೇರು ಶೇಕಡ 6.5ಕ್ಕೆ ಇಳಿಯುತ್ತದೆ. ಆದರೆ ಬೆಲೆ ಬಹಳ ಏರುತ್ತದೆ.

ಎರಡನೆಯದು ಮಸೂರ. ಸಂಗಮದೂರವನ್ನು ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಅಂಕ. ಬೆಳಕು ಅದರ ವರ್ಗಕ್ಕೆ ವಿಲೋಮವಾಗಿರುತ್ತದೆ. ಹೊಸ ಕ್ಯಾಮೆರಾದೊಡನೆ ಕೊಡುವ ಅಗ್ಗದ ಜೂಮ್ ಮಸೂರದ ಅಂಕ 50 ಮಿಲಿಮೀಟರಿನ ಬಳಿ ಸುಮಾರು 5.6. ಹಳೆಯ ಕ್ಯಾಮೆರಾಗಳ 50 ಮಿಲಿಮೀಟರ್ ಮಸೂರದ್ದು ಅನೇಕ ವೇಳೆ 1.8. ಭಾಗಿಸಿ ವರ್ಗಮಾಡಿದರೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು! ಬೀರುವಿನಲ್ಲಿರುವ ಗಾಜು ದುಬಾರಿ ಸೆನ್ಸರಿಗಿಂತ ಹೆಚ್ಚಿನ ಉಪಕಾರ ಮಾಡಬಲ್ಲದು.

ಸಣ್ಣ ಸೆನ್ಸರಿನಲ್ಲಿ ಆ ಮಸೂರದ ನೋಟ ಮಾತ್ರ ಸುಮಾರು 40 ಡಿಗ್ರಿಯಿಂದ 27 ಡಿಗ್ರಿಗೆ ಕುಗ್ಗುತ್ತದೆ. ಹಿಂದೆ ಸರಿಯಲು ಜಾಗವಿಲ್ಲದ ದುರ್ಗದ ಬಾಗಿಲುಗಳಲ್ಲಿ ಇದು ತೊಡಕು. ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದ ದಂಡೆಯಿಂದ ನೀರುಕಾಗೆಯನ್ನು ಹಿಡಿಯುವವರಿಗಾದರೋ ಇದೇ ಲಾಭ: 200 ಮಿಲಿಮೀಟರಿನ ಮಸೂರ 300ರಂತೆ ವರ್ತಿಸುತ್ತದೆ.

ಹಳೆಯ ಮಸೂರ ಹೊಸ ಕ್ಯಾಮೆರಾಕ್ಕೆ ಹೊಂದುವುದೆ? ನಿಕಾನ್ 1959ರ ತನ್ನ ಕಚ್ಚನ್ನು ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿಯೂ ಉಳಿಸಿಕೊಂಡಿದೆ, ಪೆಂಟಾಕ್ಸ್ 1975ರದನ್ನು. ಕ್ಯಾನನ್ 1987ರಲ್ಲಿ ಕಚ್ಚನ್ನು ಬದಲಿಸಿದ್ದರಿಂದ ಅದರ ಹಿಂದಿನ ಮಸೂರಗಳು ನೇರವಾಗಿ ಹೊಂದವು. ನಿಕಾನಿನಲ್ಲಿಯೂ ಎಚ್ಚರಿಕೆ ಬೇಕು: 1977ಕ್ಕೆ ಮುಂಚಿನ, ಮಾರ್ಪಡಿಸದ ಮಸೂರಗಳು ಕೆಲವು ಕ್ಯಾಮೆರಾಗಳಿಗೆ ಹಾನಿಮಾಡಬಲ್ಲವು. ಡಿ3000, ಡಿ5000 ಶ್ರೇಣಿಗಳಲ್ಲಿ ಹಳೆಯ ಮಸೂರವನ್ನು ತಾನಾಗಿ ಹೊಂದಿಸುವ ಮೋಟಾರು ಇಲ್ಲ, ಡಿ7200ರಲ್ಲಿ ಉಂಟು.

2018ರಿಂದ ನಿಕಾನ್, ಕ್ಯಾನನ್ ಎರಡೂ ದೊಡ್ಡ ಸೆನ್ಸರಿನ, ಕನ್ನಡಿಯಿಲ್ಲದ ಕ್ಯಾಮೆರಾಗಳತ್ತ ತಿರುಗಿವೆ. ಹೊಸ ಎಸ್‌ಎಲ್‌ಆರ್ ಮಾದರಿಗಳು ವಿರಳ. ಇದರಿಂದ ಬಳಸಿದ ಎಸ್‌ಎಲ್‌ಆರ್ ಕಡಮೆ ಬೆಲೆಗೆ ಸಿಗುತ್ತದೆ. ಕೊಳ್ಳುವ ಮುನ್ನ ಷಟರ್ ಎಷ್ಟು ಸಾರಿ ಬಿದ್ದಿದೆ ಎಂದು ಕೇಳತಕ್ಕದ್ದು. ದ್ವಾರವನ್ನು ಎಫ್ 16ಕ್ಕೆ ಕಿರಿದುಮಾಡಿ ಬರಿಯ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಚುಕ್ಕೆಚುಕ್ಕೆಯಾಗಿ ತೋರುತ್ತದೆ. ಬೀರುವಿನ ಮಸೂರವನ್ನೂ ದೀಪಕ್ಕೆ ಹಿಡಿದು, ಒಳಗೆ ಬೂಷ್ಟು ಜೇಡರಬಲೆಯಂತೆ ಹಬ್ಬಿದೆಯೇ ನೋಡಬೇಕು. ಅದು ನಿರ್ಮಲವಾಗಿದ್ದರೆ ಅದಕ್ಕೆ ಹೊಂದುವ ಕ್ಯಾಮೆರಾವನ್ನೇ ಹುಡುಕುವುದು ಲೇಸು. ಉಳಿದ ಹಣ ದುರ್ಗದ ಬಾಗಿಲುಗಳಿಗೆ ಬೇಕಾದ ಅಗಲ ನೋಟದ ಮಸೂರಕ್ಕೆ ಒದಗೀತು.