ಬಾವಿ ಬತ್ತುತ್ತದೆ, ಉಳಿತಾಯ ಬತ್ತುವುದಿಲ್ಲ

ಹಳೆಯ ಒಂದು ರೂಪಾಯಿ ನೋಟಿನ ಹಿಂಬದಿಯಲ್ಲಿ ಕಡಲ ನಡುವೆ ನಿಂತ ಕಬ್ಬಿಣದ ಅಟ್ಟಣೆಯ ಚಿತ್ರವಿತ್ತು. ಅದರ ಹೆಸರು 'ಸಾಗರ್ ಸಾಮ್ರಾಟ್'. 1974ರ ಫೆಬ್ರವರಿಯಲ್ಲಿ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ ಬಾಂಬೆ ಹೈ ನಿಕ್ಷೇಪ ಸಿಕ್ಕಿದ್ದು ಆ ರಿಗ್ ಕೊರೆದಾಗಲೇ. ಜಗತ್ತಿನಲ್ಲಿ ಎಣ್ಣೆ ಬೆಲೆ ಆಗಷ್ಟೇ ನಾಲ್ಕು ಪಟ್ಟು ಏರಿತ್ತು. ಅಂಥ ಹೊತ್ತಿನಲ್ಲಿ ಬಂದ ಆ ಸುದ್ದಿ ದೇಶಕ್ಕೆ ಎಷ್ಟು ಧೈರ್ಯ ಕೊಟ್ಟಿರಬೇಕು!

ನನ್ನ ದುಡಿಮೆಯ ಬಹುಪಾಲು ಕಳೆದದ್ದು ಆ ಕಡಲಲ್ಲೇ. ಪ್ರೊಡಕ್ಷನ್ ಎಂಜಿನಿಯರ್ ಆಗಿದ್ದು ನಿವೃತ್ತನಾಗಿ ಈಗ ಕಾಪು ಬಳಿ ಇದ್ದೇನೆ. "ನಮ್ಮಲ್ಲೇ ಎಣ್ಣೆ ಇರುವಾಗ ಹೊರಗಿನಿಂದ ಯಾಕೆ ತರಬೇಕು?" ಎಂದು ನೆಂಟರೂ ರಿಕ್ಷಾದವರೂ ನನ್ನನ್ನು ಕೇಳುತ್ತಾರೆ. "ಭೂಮಿ ಬಿಸಿಯೇರುತ್ತಿದೆ, ಇನ್ನೂ ಯಾಕೆ ಕೊರೆಯಬೇಕು?" ಎನ್ನುವುದು ಅವರ ಮಕ್ಕಳ ಪ್ರಶ್ನೆ. ಎರಡಕ್ಕೂ ಉತ್ತರ ಹೇಳಬೇಕಾದರೆ ಬಾವಿಯ ಸ್ವಭಾವದಿಂದಲೇ ಶುರುಮಾಡಬೇಕು.

ನೆಲದಡಿ ಎಣ್ಣೆಯ ಕೆರೆಯೇನೂ ಇಲ್ಲ. ಬಾಂಬೆ ಹೈನಲ್ಲಿ ಅದು ಸುಣ್ಣಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಡದಡಿ ಸಿಕ್ಕಿಕೊಂಡಿದೆ. ಬಾವಿ ತೆರೆದಾಗ ಆ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ನೂಕುತ್ತದೆ. ಮೊದಲ ದಿನದಿಂದಲೇ ಆ ಒತ್ತಡ ಇಳಿಯತೊಡಗುತ್ತದೆ ಕೂಡ. ಅದನ್ನು ಉಳಿಸಿಕೊಳ್ಳಲು ಕಡಲ ನೀರನ್ನು ಶುದ್ಧಮಾಡಿ ಒಳಕ್ಕೆ ನೂಕುತ್ತಿದ್ದೆವು. ವರ್ಷ ಕಳೆದಂತೆ ಎಣ್ಣೆಯ ಜೊತೆ ಆ ನೀರೂ ಮೇಲೆ ಬರುತ್ತದೆ, ಬರಬರುತ್ತ ಎಣ್ಣೆಗಿಂತ ಅದೇ ಹೆಚ್ಚು. "ವಾಟರ್ ಕಟ್ ಎಷ್ಟು?", ಅಂದರೆ ಮೇಲೆ ಬಂದದ್ದರಲ್ಲಿ ನೀರಿನ ಪಾಲೆಷ್ಟು ಎನ್ನುವುದು ಪ್ಲಾಟ್‌ಫಾರ್ಮ್‌ನಲ್ಲಿ ನಿತ್ಯದ ಪ್ರಶ್ನೆ. ಎಷ್ಟೇ ಜಾಣತನ ತೋರಿಸಿದರೂ ಜಗತ್ತಿನ ಬಹುತೇಕ ನಿಕ್ಷೇಪಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಿನೊಳಗೇ ಉಳಿದುಬಿಡುತ್ತದೆ.

ಈ ಇಳಿಕೆ ಲೆಕ್ಕದಲ್ಲೂ ಕಾಣುತ್ತದೆ. 1980ರ ದಶಕದ ಕೊನೆಗೆ ಬಾಂಬೆ ಹೈ ವರ್ಷಕ್ಕೆ ಸುಮಾರು 2 ಕೋಟಿ ಟನ್ ಕೊಡುತ್ತಿತ್ತು, ಈಗ ಅದರ ಅರ್ಧವೂ ಬರುತ್ತಿಲ್ಲ. 2011-12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದ ದೇಶದ ಒಟ್ಟು ಉತ್ಪಾದನೆ 2023-24ರಲ್ಲಿ 2.9 ಕೋಟಿಯ ಆಸುಪಾಸಿಗೆ ಬಂತು. ಅದೇ ವರ್ಷ ನಾವು ಬಳಸಿದ ಪೆಟ್ರೋಲಿಯಂ ಉತ್ಪನ್ನ 23 ಕೋಟಿ ಟನ್ ದಾಟಿತ್ತು. ಎಂಟು ಪಾಲಿನಲ್ಲಿ ಒಂದು ಪಾಲು ಮಾತ್ರ ನಮ್ಮ ನೆಲದ್ದು.

ಹುಡುಕಾಟವಂತೂ ನಿಂತಿಲ್ಲ. ರಾಜಸ್ಥಾನದ ಬಾರ್ಮೇರ್‌ನಲ್ಲಿ 2004ರಲ್ಲಿ ಸಿಕ್ಕ ಮಂಗಳಾ ನಿಕ್ಷೇಪದಿಂದ 2009ರಲ್ಲಿ ಎಣ್ಣೆ ಹರಿಯಿತು. ಮೇಣದಂತೆ ಗಟ್ಟಿಯಾಗುವ ಎಣ್ಣೆ ಅದು. ಗುಜರಾತಿನವರೆಗೂ ಕೊಳವೆಯನ್ನು ಬಿಸಿಯಾಗಿಯೇ ಇಡಬೇಕು. ಕೃಷ್ಣಾ-ಗೋದಾವರಿ ಆಳಗಡಲಿನ ಬ್ಲಾಕ್ ಒಂದರಲ್ಲಿ ಮೊದಲ ಶೋಧಗಳಾಗಿ ಹದಿನೈದು ವರ್ಷಕ್ಕೂ ಹೆಚ್ಚು ಕಳೆದ ಮೇಲೆ, 2024ರ ಜನವರಿಯಲ್ಲಿ, ಎಣ್ಣೆ ಬಂತು. ಇಷ್ಟೆಲ್ಲ ಶ್ರಮದಿಂದ ಹಳೆಯ ಬಾವಿಗಳ ಇಳಿಕೆಯನ್ನು ಒಂದಿಷ್ಟು ತಡೆಯುವುದಕ್ಕಷ್ಟೇ ಸಾಧ್ಯವಾಗಿದೆ.

ನಮ್ಮದೇ ಎಣ್ಣೆಯಾದರೆ ಪೆಟ್ರೋಲ್ ಅಗ್ಗವಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಇಲ್ಲಿ ತೆಗೆದ ಕಚ್ಚಾ ತೈಲವನ್ನೂ ಅಂತಾರಾಷ್ಟ್ರೀಯ ದರಕ್ಕೆ ಹೊಂದಿಸಿಯೇ ಮಾರುತ್ತಾರೆ. ವಿದೇಶಿ ವಿನಿಮಯ ಉಳಿಯುತ್ತದೆ, ರಾಯಲ್ಟಿ ಬರುತ್ತದೆ, ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಇದು ಸಣ್ಣ ಲಾಭವಲ್ಲ. ನನ್ನ ಮನೆಯೂ ನಡೆದದ್ದು ಅದರಿಂದಲೇ.

ಆದರೆ ತೆತ್ತ ಬೆಲೆಯನ್ನೂ ಹೇಳಬೇಕು. 2005ರ ಜುಲೈ 27ರಂದು ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮ್‌ಗೆ ಹಡಗೊಂದು ತಾಗಿ ಬೆಂಕಿ ಹತ್ತಿಕೊಂಡಿತು. 22 ಮಂದಿ ಸತ್ತರು. 2020ರ ಮೇ 27ರಂದು ಅಸ್ಸಾಮಿನ ಬಾಘ್‌ಜಾನ್‌ನಲ್ಲಿ ಬಾವಿಯೊಂದು ಸಿಡಿಯಿತು. ಜೂನ್ 9ರಂದು ಅದಕ್ಕೆ ಬೆಂಕಿ ಹತ್ತಿ ಅಗ್ನಿಶಾಮಕ ದಳದ ಇಬ್ಬರು ಪ್ರಾಣ ಕಳೆದುಕೊಂಡರು. ಬಾವಿಯನ್ನು ಪೂರ್ತಿ ಅಡಗಿಸುವಷ್ಟರಲ್ಲಿ ನವೆಂಬರ್ ಬಂದಿತ್ತು. ಅಷ್ಟರೊಳಗೆ ಪಕ್ಕದ ಮಾಗುರಿ-ಮೋಟಾಪುಂಗ್ ಜೌಗಿನ ಮೀನು, ಹಕ್ಕಿ, ಸುತ್ತಲಿನವರ ತೋಟ, ಮನೆ ಎಲ್ಲ ನಲುಗಿಹೋದವು. ಅಂಥ ಜೌಗಿನ ಅಂಚಿನಲ್ಲಿ, ಜನವಸತಿಯ ಮಗ್ಗುಲಲ್ಲಿ ಹೊಸದಾಗಿ ಕೊರೆಯಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗಿರುವ ನಿಕ್ಷೇಪಗಳಲ್ಲಿ ಉಳಿದದ್ದನ್ನು ಜೋಪಾನವಾಗಿ ತೆಗೆಯೋಣ. ಹೊಸ ಹಣ, ಹೊಸ ತಲೆಗಳು ಬೇಡಿಕೆ ಇಳಿಸುವ ಕಡೆ ತಿರುಗಲಿ.

ದೇಶ ಬಳಸುವ ಪೆಟ್ರೋಲಿಯಂ ಉತ್ಪನ್ನಗಳಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಡೀಸೆಲ್ಲೇ. ಅದನ್ನು ಇಳಿಸುವ ದಾರಿ ನಮ್ಮೂರಿನ ಹಳಿಯ ಮೇಲೇ ಇದೆ. ಸುರತ್ಕಲ್‌ನಲ್ಲಿ ಸರಕು ತುಂಬಿದ ಲಾರಿಗಳು ಕೊಂಕಣ ರೈಲ್ವೆಯ ರೋ-ರೋ ಗಾಡಿ ಹತ್ತಿ, ಎಂಜಿನ್ ಆರಿಸಿಕೊಂಡು, ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಯುತ್ತವೆ. 2022ರಲ್ಲಿ ಈ ಇಡೀ ಮಾರ್ಗಕ್ಕೆ ವಿದ್ಯುತ್ ತಂತಿ ಬಂತು. ಇಲ್ಲಿ ಉಳಿದ ಡೀಸೆಲ್ ಮುಂದಿನ ವರ್ಷವೂ ಉಳಿಯುತ್ತದೆ, ಮರುವರ್ಷವೂ ಉಳಿಯುತ್ತದೆ. ಯಾವ ಬಾವಿಯೂ ಹಾಗೆ ಕೊಡುವುದನ್ನು ನಾನು ಕಂಡಿಲ್ಲ.

ರೈಲಿನಂತೆ ವಾಹನಗಳೂ ವಿದ್ಯುತ್ತಿಗೆ ತಿರುಗಲಿ ಎಂದರೆ, ಆ ವಿದ್ಯುತ್ತು ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದಲ್ಲ, ಬ್ಯಾಟರಿಗೆ ಚೀನಾವನ್ನೇ ನಂಬಬೇಕಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಡೀಸೆಲ್ ಎಂಜಿನ್ ಇಂಧನದ ಅರ್ಧಕ್ಕಿಂತ ಹೆಚ್ಚನ್ನು ಶಾಖವಾಗಿಯೇ ಕಳೆಯುತ್ತದೆ, ವಿದ್ಯುತ್ ಮೋಟಾರಿನಲ್ಲಿ ನಷ್ಟ ತೀರಾ ಕಡಿಮೆ. ಪಾವಗಡದಂಥ ಸೌರ ಪಾರ್ಕ್‌ಗಳು ಹೆಚ್ಚಿದಷ್ಟೂ ಅದೇ ಮೋಟಾರು ಇನ್ನಷ್ಟು ಶುದ್ಧವಾಗುತ್ತದೆ. ಬ್ಯಾಟರಿಯ ಲೋಹ ಒಮ್ಮೆ ತಂದರೆ ವರ್ಷಗಟ್ಟಲೆ ದುಡಿಯುತ್ತದೆ, ಆಮೇಲೆ ಕರಗಿಸಿ ಮತ್ತೆ ಬಳಸಬಹುದು. ಎಣ್ಣೆ ಉರಿದರೆ ಮುಗಿಯಿತು, ನಾಳೆಗೆ ಇನ್ನೊಂದು ಹಡಗು ಬರಬೇಕು.

ಆ ಹಡಗು ತಪ್ಪಿದರೆ ಎಂಬ ಭಯಕ್ಕಾಗಿಯೇ ನಮ್ಮ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಕೊರೆದಿದ್ದಾರೆ. ಮಂಗಳೂರು, ವಿಶಾಖಪಟ್ಟಣದ ಗುಹೆಗಳೂ ಸೇರಿ ಪೂರ್ತಿ ತುಂಬಿದರೆ ಸರ್ಕಾರದ ಲೆಕ್ಕದಲ್ಲಿ ಸುಮಾರು 9.5 ದಿನಗಳ ಅಗತ್ಯ ತೀರುತ್ತದೆ. ಪಾದೂರಿನ ಎರಡನೇ ಹಂತಕ್ಕೆ 2021ರಲ್ಲಿ ಒಪ್ಪಿಗೆಯೂ ಸಿಕ್ಕಿದೆ. ದೇಶದ ಬೇಡಿಕೆ ಅರ್ಧಕ್ಕೆ ಇಳಿದರೆ, ಈಗಿರುವ ಗುಹೆಗಳ ಎಣ್ಣೆಯೇ 19 ದಿನ ಬರುತ್ತದೆ. ಅದಕ್ಕಾಗಿ ಹೊಸ ಗುಹೆಗೆಂದು ಯಾರ ಗದ್ದೆಯನ್ನೂ ಕೇಳಬೇಕಾಗಿಲ್ಲ. ಸ್ವಾವಲಂಬನೆ ಎಂದರೆ ನನಗೆ ಇದೇ.