ನೂರು ರೊಟ್ಟಿಗೆ ಎಷ್ಟು ತಾಸು?

ಬೆಳಗಾವಿ ಜಿಲ್ಲೆಯ ಏಕಸಂಬಿಯ ನಮ್ಮ ಓಣಿಯಲ್ಲಿ ವೈನಿಯೊಬ್ಬರು ಖಟಕ ರೊಟ್ಟಿ ಮಾಡಿ ಮಾರುತ್ತಾರೆ. ಸಂಘದಿಂದ ಸಾಲ ತೆಗೆದು ದೊಡ್ಡ ಒಲೆ, ಎರಡು ಹಂಚು ತಂದರು. ರೊಟ್ಟಿಯೊಂದಕ್ಕೆ 6 ರೂಪಾಯಿ ದರ ಇಟ್ಟರು. ಅವರ ರೊಟ್ಟಿ ಹಪ್ಪಳದಷ್ಟು ತೆಳು, ಮುರಿದರೆ ಚಟಕ್ಕನೆ ಸದ್ದು. ಆರ್ಡರ್ ಬರತೊಡಗಿದವು. ಆರು ತಿಂಗಳಾದರೂ ಕೈಯಲ್ಲಿ ರೊಕ್ಕ ಮಾತ್ರ ನಿಲ್ಲಲಿಲ್ಲ. ‘ದಿನಾ ಮಾರತೀನಿ, ಎಲ್ಲಿ ಹೋಗತೈತಿ ತಿಳಿವಲ್ದು’ ಎಂದು ಮಗಳ ಹಳೆಯ ಪಾಟಿ ನೋಟಬುಕ್ ನನ್ನ ಮುಂದೆ ಇಟ್ಟರು.

ಅದರಲ್ಲಿ ಅವರು ಬರೆದಿದ್ದ ಲೆಕ್ಕ ತಪ್ಪೇನೂ ಇರಲಿಲ್ಲ. ನೂರು ರೊಟ್ಟಿಗೆ 5 ಕಿಲೊ ಜೋಳ, 225 ರೂಪಾಯಿ. ಗಿರಣಿಗೆ 30. ಗ್ಯಾಸಿಗೆ 45. ಪ್ಲಾಸ್ಟಿಕ್ ಚೀಲ, ಚೀಟಿ ಸೇರಿ 30. ಒಟ್ಟು 330. ನೂರರಲ್ಲಿ ಆರು ಒಡೆಯುತ್ತವೆ. ಉಳಿದ 94 ಮಾರಿದರೆ 564. ಉಳಿತಾಯ 234 ರೂಪಾಯಿ ಎಂದು ಕೆಳಗೆ ಗೆರೆ ಎಳೆದಿದ್ದರು. ಒಡೆದ ರೊಟ್ಟಿಯನ್ನೂ ಲೆಕ್ಕದಲ್ಲಿ ಬಿಡದೆ ಹಿಡಿದಿದ್ದರಲ್ಲ, ಅದನ್ನು ನೋಡಿಯೇ ನನಗೆ ಅವರ ಮೇಲೆ ಗೌರವ ಹೆಚ್ಚಿತು. ಬಹಳ ಜನ ಅದನ್ನೂ ಮರೆಯುತ್ತಾರೆ.

‘ವೈನಿ, ಇದರಾಗ ನಿಮ್ಮ ಕೂಲಿ ಎಲ್ಲೈತಿ?’ ಎಂದೆ.

‘ನಂದೇನ ಕೂಲಿ ಹಚ್ಚತೀರಿ? ನಾ ಏನ ಹೊಲಕ್ಕ ಹೋಗೀನೇನು? ಮನ್ಯಾಗ ಕುಂತ ಮಾಡೀನಿ.’

ಆ ಒಂದು ಮಾತಿಗಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಮರುದಿನ ನಸುಕಿನಿಂದ ಗಡಿಯಾರ ನೋಡಿ ಬರೆದೆವು. ಜೋಳ ಹಸನ ಮಾಡಲು ಅರ್ಧ ತಾಸು. ಗಿರಣಿಗೆ ಹೋಗಿ, ಪಾಳಿ ಹಚ್ಚಿ, ಬರಲು ಅರ್ಧ ತಾಸು. ಎಸರಿಟ್ಟು, ಹಿಟ್ಟು ನಾದಿ, ಬಡಿದು, ಬೇಯಿಸಲು ನಾಲ್ಕೂವರೆ. ಒಲೆಯ ಮಗ್ಗುಲಿಗೆ ಒಂದೊಂದಾಗಿ ನಿಲ್ಲಿಸಿ ಖಟಕ ಮಾಡಲು ಒಂದು ತಾಸು. ಎಣಿಸಿ ಕಟ್ಟಲು ಅರ್ಧ. ಒಟ್ಟು ಏಳು ತಾಸು. ಇದಕ್ಕೆ ಯಾವ ದರ ಹಚ್ಚುವುದು? ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025ರ ಏಪ್ರಿಲ್‌ನಿಂದ ದಿನಗೂಲಿ 370 ರೂಪಾಯಿ ಇತ್ತು, ಗಂಡಸಿಗೂ ಹೆಂಗಸಿಗೂ ಒಂದೇ. ಎಂಟು ತಾಸಿನ ದಿನ ಎಂದು ಹಿಡಿದರೆ ತಾಸಿಗೆ 46 ರೂಪಾಯಿ ಚಿಲ್ಲರೆ. ಏಳು ತಾಸಿಗೆ 324. ಸಾಮಾನಿನ 330ಕ್ಕೆ ಇದನ್ನು ಕೂಡಿಸಿದರೆ ನೂರು ರೊಟ್ಟಿಯ ನಿಜವಾದ ಖರ್ಚು 654. ಮಾರಿ ಬಂದದ್ದು 564. ಅಂದರೆ ಪ್ರತಿ ನೂರಕ್ಕೆ 90 ರೂಪಾಯಿ ವೈನಿಯೇ ಗಿರಾಕಿಗೆ ಕೊಟ್ಟು ಕಳಿಸುತ್ತಿದ್ದರು. ರೊಟ್ಟಿಯೊಂದಕ್ಕೆ ಬೀಳುವ ಖರ್ಚು 7 ರೂಪಾಯಿ. ಲಾಭದ ಮಾತು ಅದರ ಮೇಲೆ.

ನಿಮ್ಮೂರಲ್ಲಿ ಜೋಳದ ದರ ಬೇರೆ ಇರಬಹುದು, ನಿಮ್ಮ ಕೈ ಇನ್ನೂ ಚುರುಕಾಗಿರಬಹುದು. ಅಂಕಿ ಬದಲಿಸಿಕೊಳ್ಳಿ. ಕೂಲಿಯ ಸಾಲನ್ನು ಮಾತ್ರ ಅಳಿಸಬೇಡಿ.

ಮನೆಯವರ ದುಡಿಮೆಗೆ ಬೆಲೆ ಕಟ್ಟುವುದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. 1981ರಲ್ಲಿ ರೈತ ಮುಖಂಡ ಶರದ್ ಜೋಶಿಯವರ ಮುಂದಾಳತ್ವದಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತದ್ದು ಬೆಳೆಗೆ ತಕ್ಕ ಬೆಲೆ ಸಿಗಲೆಂದು. ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡರು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೇಳಿ ಹಗಲು ರಾತ್ರಿ ಕುಳಿತರು. ಬೆಂಬಲ ಬೆಲೆಯ ಲೆಕ್ಕ ಹಾಕುವ ಕೇಂದ್ರದ ಆಯೋಗ ಬೀಜ ಗೊಬ್ಬರದ ಖರ್ಚಿನ ಜೊತೆ ಮನೆ ಮಂದಿಯ ದುಡಿಮೆಯನ್ನೂ ಸೇರಿಸುತ್ತದೆ. ಎ2+ಎಫ್‌ಎಲ್ ಎಂದು ರೈತ ಸಭೆಗಳಲ್ಲಿ ಕೇಳುತ್ತೇವಲ್ಲ, ಅದರಲ್ಲಿ ಎಫ್‌ಎಲ್ ಎಂದರೆ ಅದೇ. ಹೊಲದ ಲೆಕ್ಕದಲ್ಲಿ ಸರಕಾರವೇ ಒಪ್ಪಿದ ಮಾತು ಅದೇ ಮನೆಯ ಅಡಿಗೆಮನೆಯ ಲೆಕ್ಕದಲ್ಲಿ ಇಲ್ಲ. ಕಬ್ಬಿಗೆ ನ್ಯಾಯ ಕೇಳುವ ನಾವು ಗಂಡಸರು ರೊಟ್ಟಿಯ ಈ ಲೆಕ್ಕವನ್ನೂ ಬರೆದುಕೊಳ್ಳಬೇಕು.

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಒಂದು ಮದುವೆಗೆ 500 ರೊಟ್ಟಿಯ ಆರ್ಡರ್ ಬಂತು ಅಂದುಕೊಳ್ಳಿ. ಒಬ್ಬರ ಕೈಲಾಗದು, ಇಬ್ಬರನ್ನು ಕೂಲಿಗೆ ಕರೆಯಬೇಕು. ಅವರಿಗೆ ಸಂಜೆಗೆ ನಗದು ಎಣಿಸಬೇಕು. ಅಲ್ಲಿಯವರೆಗೆ ಪುಕ್ಕಟೆ ಎಂದುಕೊಂಡಿದ್ದ ದುಡಿಮೆ ಆಗ ಒಮ್ಮೆಲೇ ಖರ್ಚಾಗಿ ಎದುರು ನಿಲ್ಲುತ್ತದೆ, 6 ರೂಪಾಯಿಯ ದರದಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಸಣ್ಣ ಧಂದೆಗಳು ಗಿರಾಕಿ ಸಿಗದೆ ಮುಚ್ಚುತ್ತವೆ ಎನ್ನುತ್ತಾರೆ. ಗಿರಾಕಿ ಹೆಚ್ಚಾಗಿ ಮುಚ್ಚಿದ್ದನ್ನೂ ನಾನು ಕಂಡಿದ್ದೇನೆ.

ಅಂಗಡಿಯವರ ಕಮಿಷನ್ನಿನಲ್ಲಿ ಇನ್ನೊಂದು ಪೆಟ್ಟು. ಅವರು ನೂರಕ್ಕೆ 20 ಕೇಳಿದರೆ ನಾವು 7ಕ್ಕೆ ನೂರಕ್ಕೆ 20 ಕೂಡಿಸಿ 8 ರೂಪಾಯಿ 40 ಪೈಸೆ ಎನ್ನುತ್ತೇವೆ. ಅವರು ತೆಗೆಯುವುದು ಮಾರಿದ ಬೆಲೆಯ ಮೇಲೆ. 8.40ರಲ್ಲಿ ಅವರದು 1.68 ಹೋಗಿ ನಮಗೆ ಉಳಿಯುವುದು 6.72, ಖರ್ಚಿಗಿಂತ ಕಡಿಮೆ. 7ನ್ನು 0.8ರಿಂದ ಭಾಗಿಸಿ 8.75 ಎಂದರೆ ಖರ್ಚು ಮಾತ್ರ ಹುಟ್ಟುತ್ತದೆ. 10ಕ್ಕೆ ಮಾರಿದರೆ ಅಂಗಡಿಗೆ 2, ನಮಗೆ 8. ರೊಟ್ಟಿಗೆ 1 ರೂಪಾಯಿ ಲಾಭ. ಸಾಲದ ಬಡ್ಡಿ, ಒಲೆ ಹಂಚಿನ ಸವಕಳಿ ಆ 1 ರೂಪಾಯಿಯಲ್ಲೇ ಹುಟ್ಟಬೇಕು.

ಮಳೆಗಾಲದ ಖರ್ಚನ್ನು ಯಾವ ತರಬೇತಿಯಲ್ಲೂ ಹೇಳಿದ್ದನ್ನು ನಾನು ಕೇಳಿಲ್ಲ. ದೂಧಗಂಗೆ ತುಂಬಿ ಏಕಸಂಬಿ–ದಾನವಾಡ ಸೇತುವೆ ಮುಳುಗಿದರೆ ಆಚೆ ದಂಡೆಯ ಗಿರಾಕಿ ಅಲ್ಲೇ ಉಳಿದ. ಥಂಡಿ ಹವೆಗೆ ಖಟಕ ರೊಟ್ಟಿ ಮೆತ್ತಗಾಗುತ್ತದೆ. ಆ ವಾರಗಳ ನಷ್ಟವನ್ನು ಉಳಿದ ತಿಂಗಳುಗಳ ದರ ಹೊರಬೇಕು.

ಲೆಕ್ಕಕ್ಕೆ ಬಾರದ ಹೆಂಗಸರ ದುಡಿಮೆಯ ಇದೇ ಕಥೆಯ ದೊಡ್ಡ ರೂಪ ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಯಲ್ಲಿದೆ. ಕೊಲ್ಹಾಪುರಿ ಎಂದು ಹೆಸರಾದರೂ 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಗುರುತು ಎಂಟು ಜಿಲ್ಲೆಗಳಿಗೆ ಸೇರಿದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ತೊಗಲನ್ನು ರಂಪಿಗೆಯಿಂದ ಕೊಯ್ದು ಅಡಿ ಸಿದ್ಧಮಾಡುವುದು ಹೆಚ್ಚಾಗಿ ಗಂಡಸರ ಕೆಲಸ. ಮೇಲ್ಪಟ್ಟಿಯ ಹೊಲಿಗೆ, ಕೂದಲಿನ ಜಡೆಯಂತೆ ತೊಗಲಿನ ಸಣ್ಣ ಎಳೆಗಳನ್ನು ಹೆಣೆಯುವ ಕೆಲಸ ಹೆಂಗಸರದು. ಗಿರಾಕಿ ಕೈಗೆತ್ತಿಕೊಂಡು ಮೊದಲು ನೋಡುವುದು ಆ ಜಡೆಯನ್ನೇ. ಒಲೆಯ ಮೇಲೆ ಬೇಳೆ ಇಟ್ಟು, ನಡುನಡುವೆ ಎದ್ದು ಹೋಗಿ ಬಂದು ಹೆಣೆದ ಆ ತಾಸುಗಳು ತೊಗಲಿನ ದರದ ಹಾಗೆ ಯಾವ ಚೀಟಿಯಲ್ಲೂ ಬರೆಯಲ್ಪಡುವುದಿಲ್ಲ. ಅಥಣಿಯಲ್ಲಿ ಟೋಹೋಲ್ಡ್ ಎಂಬ ಸಂಘಟನೆ ಕಟ್ಟಿದಾಗ ಮಧುರಾ ಛತ್ರಪತಿಯವರು ಮಹಿಳೆಯರ ಸ್ವಸಹಾಯ ಸಂಘಗಳನ್ನೇ ಅದರ ಬುನಾದಿ ಮಾಡಿದರು. ಸರಿಯಾದ ಜಾಗದಿಂದಲೇ ಶುರು ಮಾಡಿದರು ಎಂದು ನನ್ನ ಅಭಿಪ್ರಾಯ.

2025ರ ಜೂನ್‌ನಲ್ಲಿ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾ ಮಿಲಾನಿನ ವೇದಿಕೆಯಲ್ಲಿ ಇಂಥದೇ ಚಪ್ಪಲಿ ತೋರಿಸಿ, ನಮ್ಮವರ ಹೆಸರು ಹೇಳದೆ ಹೋದದ್ದು ದೊಡ್ಡ ಗದ್ದಲವಾಯಿತು. ಡಿಸೆಂಬರ್‌ನಲ್ಲಿ ಅದೇ ಕಂಪನಿ ಸರಕಾರಿ ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದಕ್ಕೆ ಬಂತು. ಎರಡು ಸಾವಿರ ಜೋಡು, ಜೋಡಿಗೆ ಸುಮಾರು 800 ಯೂರೋ. ಹೆಮ್ಮೆಯ ಸುದ್ದಿಯೇ. ಆದರೆ 800 ಯೂರೋ ಕೊಳ್ಳುವವನ ಬೆಲೆ. ಜೋಡಿಗೆ ಎಷ್ಟು ತೊಗಲು, ಎಷ್ಟು ತಾಸು ಹೊಲಿಗೆ, ಎಷ್ಟು ತಾಸು ಹೆಣಿಗೆ ಎಂಬುದು ಮಾಡುವವರ ನೋಟಬುಕ್ಕಿನಲ್ಲಿ ಇಲ್ಲದಿದ್ದರೆ ಎದುರಿಗೆ ಕೂತವರು ಹೇಳಿದ್ದಕ್ಕೆ ಹೂಂ ಅನ್ನಬೇಕಾಗುತ್ತದೆ.

ವೈನಿ ಈಗ ಮನೆಗೆ ಬಂದು ಒಯ್ಯುವವರಿಗೆ 8, ಅಂಗಡಿಯಲ್ಲಿ 10 ಎಂದು ದರ ಬದಲಿಸಿದ್ದಾರೆ. ಒಂದು ಖಾನಾವಳಿ ಆರ್ಡರ್ ಬಿಟ್ಟಿತು. ವೈನಿ ಎರಡು ದಿನ ಬೇಜಾರಾಗಿದ್ದರು. ಮೂರನೆಯ ದಿನ ನೋಟಬುಕ್ ತೆಗೆದು, ಆ ಖಾನಾವಳಿಗೆ ಕೊಟ್ಟ ಪ್ರತಿ ನೂರಕ್ಕೂ ತಾವು ಕಳೆದುಕೊಂಡಿದ್ದನ್ನು ತಾವೇ ಕೂಡಿಸಿ ನೋಡಿದರು. ಪಕ್ಕದ ಮನೆಯ ಹುಡುಗಿಯನ್ನು ಈಗ ಅರ್ಧ ದಿನದ ಕೂಲಿಗೆ ಕರೆಯುತ್ತಾರೆ, ಆ ಕೂಲಿ ದರದೊಳಗೇ ಇದೆ.

ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಚಟ್ನಿ, ರೊಟ್ಟಿ, ಹೊಲಿಗೆ, ಚಪ್ಪಲಿ ಏನೇ ಶುರು ಮಾಡುವ ಅಕ್ಕಂದಿರೇ, ಮುಂದಿನ ಆರ್ಡರಿಗೆ ದರ ಹೇಳುವ ಮೊದಲು ಒಂದು ದಿನ ಗಡಿಯಾರ ನೋಡಿ ಕೆಲಸ ಮಾಡಿ. ಲೆಕ್ಕದ ಪುಟದಲ್ಲಿ ಜೋಳಕ್ಕಿಂತ ಮೇಲೆ, ಮೊದಲನೆಯ ಸಾಲಿನಲ್ಲಿ ‘ನನ್ನ ಕೂಲಿ’ ಎಂದು ಬರೆದುಕೊಳ್ಳಿ.